ಕೊಡದಾಳ ಬೋರಿಂಗಿನ ಪಾಸ್‌ವರ್ಡ್

ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲೂಕುಗಳ ಜಂಟಿ ಜಲಗುಣ ಮಂಡಳಿಯ ಕಡತಗಳನ್ನು ಸುರಕ್ಷಾ ಯೋಜನೆ ಜಾರಿಗೆ ಬಂದಂದಿನಿಂದ ಈವರೆಗೆ ಯಾವ ಕಳ್ಳನೂ ಓದಿಲ್ಲ. ಕಳ್ಳರಲ್ಲದವರೂ ಓದಿಲ್ಲ ಎಂಬ ಅಂಶವನ್ನು ಮಂಡಳಿಯ ವಾರ್ಷಿಕ ವರದಿ ಅದೇ ಪುಟದಲ್ಲಿ, ಅಷ್ಟೇ ಹೆಮ್ಮೆಯಿಂದ ದಾಖಲಿಸಿದೆ.

ಈ ಸಾಧನೆಗೆ ತಕ್ಕಮಟ್ಟಿಗೆ ಅಡ್ಡಿಯಾದವಳು ಜೇವರ್ಗಿ ಉಪಕಚೇರಿಯ ನೀರು ಪರೀಕ್ಷಕಿ ಶಮ್ಸುನ್ನಿಸಾ. ಹತ್ತೊಂಬತ್ತು ವರ್ಷ ದಿನಗೂಲಿಯ ಮೇಲೆ ದುಡಿದು, ಎರಡು ವರ್ಷದ ಹಿಂದಷ್ಟೇ ಕಾಯಂ ಆದ ಹೆಂಗಸು. ಊರೂರಿಗೆ ಹೋಗಿ ಬಾವಿ, ಬೋರಿಂಗಿನ ನೀರನ್ನು ಬಾಟಲಿಗೆ ತುಂಬುವುದು, ಚೀಟಿ ಅಂಟಿಸುವುದು, ಆಳಂದದ ಕೇಂದ್ರ ಕಚೇರಿಯ ಪ್ರಯೋಗಾಲಯಕ್ಕೆ ಕಳಿಸುವುದು, ಫಲಿತಾಂಶ ಬಂದ ಮೇಲೆ ಊರವರಿಗೆ ತಿಳಿಸುವುದು ಅವಳ ಕೆಲಸ. ಫಲಿತಾಂಶ ಬರುತ್ತಿದ್ದ ದಾರಿ ಸರಳವಾಗಿತ್ತು. ಆಳಂದದ ಗುಮಾಸ್ತ ಮಾಳಿಂಗಪ್ಪ ದಪ್ಪ ರಿಜಿಸ್ಟರಿನ ಹಾಳೆಯ ಫೋಟೋ ಹೊಡೆದು ವಾಟ್ಸಾಪಿನಲ್ಲಿ ಕಳಿಸುತ್ತಿದ್ದ. ಫೋಟೋದ ಮೂಲೆಯಲ್ಲಿ ಅವನ ಹೆಬ್ಬೆರಳು ಇರುತ್ತಿತ್ತು. ಆ ಹೆಬ್ಬೆರಳೇ ಮಂಡಳಿಯ ಮೊಹರು ಎಂದು ಎಲ್ಲರೂ ಒಪ್ಪಿದ್ದರು.

ಆ ವರ್ಷದ ಸಂಕ್ರಾಂತಿಯಾದ ಮೇಲೆ ಶಮ್ಸುನ್ನಿಸಾ ಜೇವರ್ಗಿ ತಾಲೂಕಿನ ಕೊಡದಾಳಕ್ಕೆ ಹೋದಳು. ಅಲ್ಲಿನ ಅಂಗನವಾಡಿ ಕಾರ್ಯಕರ್ತೆ ಬಸವೇಶ್ವರಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹಲ್ಲು ತೋರಿಸಲು ಹೇಳಿದಳು. ಎಳೆಯ ಹಲ್ಲುಗಳ ಮೇಲೆ ಕಂದು ಗೆರೆಗಳಿದ್ದವು. ಒಬ್ಬ ಹುಡುಗಿಯ ಕಾಲು ಮೊಣಕಾಲ ಕೆಳಗೆ ಹೊರಕ್ಕೆ ಬಾಗಿತ್ತು.

"ಬರೋಬರ ಹಲ್ಲು ತಿಕ್ಕಂಗಿಲ್ಲ ಅಂತ ಅವ್ವಗಳು ಬಡೀತಾರ್ರಿ ಆಪಾ," ಎಂದಳು ಬಸವೇಶ್ವರಿ. "ಆದ್ರ ಬೂದಿ ಹಚ್ಚಿ ರಕ್ತ ಬರೋ ಹಾಂಗ ತಿಕ್ಕಿದ್ರೂ ಹೋಗಂಗಿಲ್ಲ."

ಶಮ್ಸುನ್ನಿಸಾ ಶಾಲೆಯ ಗೋಡೆಗೆ ಹೊಂದಿಕೊಂಡಿದ್ದ ಬೋರಿಂಗಿನ ನೀರನ್ನು ಬಾಟಲಿಗೆ ತುಂಬಿ, ಎರಡು ಸಲ ಮುಚ್ಚಳ ತಿರುಗಿಸಿ ಬಿಗಿ ಮಾಡಿದಳು. ನೀರಿನಲ್ಲಿ ಹಲ್ಲು, ಎಲುಬು ಕೆಡಿಸುವಷ್ಟು ಫ್ಲೋರೈಡ್ ಇರಬಹುದೆಂದು ಅವಳಿಗೆ ಅನ್ನಿಸಿತ್ತು. ಅನ್ನಿಸಿದ್ದನ್ನು ಹೇಳುವ ಅಧಿಕಾರ ಅವಳಿಗಿರಲಿಲ್ಲ. ಫಲಿತಾಂಶ ಬಂದ ಮೇಲೆಯೇ ಹೇಳಬೇಕು.

ಬಾಟಲಿ ಆಳಂದ ತಲುಪಿತು. ಫಲಿತಾಂಶ ಒಂಬತ್ತನೆಯ ದಿನ ಸಿದ್ಧವಾಯಿತು. ಅಷ್ಟರಲ್ಲಿ ಮಾಳಿಂಗಪ್ಪ ಬೇರೊಂದು ಬಾವಿಯ ವರದಿಯನ್ನು ಕೈತಪ್ಪಿ ತನ್ನ ಅತ್ತೆಮನೆಯ ವಾಟ್ಸಾಪ್ ಗುಂಪಿಗೆ ಕಳಿಸಿಬಿಟ್ಟಿದ್ದ. ಗುಂಪಿನ ಏಳು ಜನ ಕೈಮುಗಿದ ಚಿತ್ರ ಹಾಕಿದರು, ಒಬ್ಬರು ಹುಟ್ಟುಹಬ್ಬದ ಶುಭಾಶಯ ಕೋರಿದರು. ಮಂಡಳಿಯ ನಿರ್ದೇಶಕ ಅಮರನಾಥರು ಇದನ್ನು ಗಂಭೀರ ಮಾಹಿತಿ ಸೋರಿಕೆ ಎಂದು ಘೋಷಿಸಿದರು. ಮೂರು ತಾಲೂಕಿನ ನೀರಿನ ಕೊಳವೆಗಳು ಸೋರಿದಾಗ ಅವರು ಇಷ್ಟು ಗಂಭೀರವಾಗಿದ್ದುದನ್ನು ಯಾರೂ ನೋಡಿರಲಿಲ್ಲ.

ಹೀಗೆ ವಾಟ್ಸಾಪಿನ ಫೋಟೋ ನಿಂತು, 'ಸುಲಭ ಸುರಕ್ಷಾ ದೂರ ಪ್ರವೇಶ ಯೋಜನೆ' ಜಾರಿಗೆ ಬಂತು. ಎಲ್ಲಿಯೇ ಕುಳಿತರೂ ಕೇಂದ್ರ ಕಚೇರಿಯ ಕಡತವನ್ನು ಸಿಬ್ಬಂದಿ ತೆರೆಯಬಹುದು. ಕಂಪ್ಯೂಟರ್ ಗೊತ್ತಿರದವರಿಗೂ ನೀರು ಕುಡಿದಷ್ಟು ಸಲೀಸು. ಈ ಉಪಮೆಯನ್ನು ಉದ್ಘಾಟನೆಯ ದಿನ ಬಳಸಿದವನು ಯೋಜನೆಯ ಗುತ್ತಿಗೆ ಹಿಡಿದ ಕಂಪನಿಯ ತಜ್ಞ ಸುನೀಲಕುಮಾರ. ಒಂದೇ ಗುಂಡಿ ಒತ್ತಿದರೆ ಸಾಕು ಎಂದು ಹೇಳಿ, ಆ ಒಂದು ಗುಂಡಿಯನ್ನು ವಿವರಿಸುವ ಎಪ್ಪತ್ತೆರಡು ಪುಟಗಳ 'ಸುಲಭ ಕೈಪಿಡಿ'ಯನ್ನು ಎಲ್ಲರಿಗೂ ಹಂಚಿದ.

ಕೈಪಿಡಿಯ ಪ್ರಕಾರ ಪಾಸ್‌ವರ್ಡು ಹದಿನಾರು ಅಕ್ಷರಕ್ಕೆ ಕಡಿಮೆ ಇರಕೂಡದು. ಅದರಲ್ಲಿ ದೇವರ ಹೆಸರು, ಮಕ್ಕಳ ಹೆಸರು, ಊರಿನ ಹೆಸರು ಬರಕೂಡದು. ಎಲ್ಲಿಯೂ ಬರೆದಿಡಕೂಡದು. ನೆನಪಿನಲ್ಲಿ ಉಳಿಯುವಂಥದ್ದೂ ಆಗಿರಕೂಡದು. ಏಕೆಂದರೆ ನೆನಪಿನಲ್ಲಿದ್ದದ್ದು ಬಾಯಿಗೆ ಬರುವ ಸಂಭವವಿರುತ್ತದೆ.

ಅಫಜಲಪುರ ಉಪಕಚೇರಿಯ ಜಮೀರ ಎದ್ದು ನಿಂತ. "ಬರದೂ ಇಡಂಗಿಲ್ಲ, ನೆನಪೂ ಇಡಂಗಿಲ್ಲ ಅಂದ್ರ ಹ್ಯಾಂಗ್ರಿ ಸಾಹೇಬ್ರ?"

"ಅದಕ್ಕೇ ಇದಕ್ಕ ಸುರಕ್ಷಾ ಅಂತಾರ್ರಿ," ಎಂದ ಸುನೀಲಕುಮಾರ ತಾಳ್ಮೆಯಿಂದ. "ನಿಮಗೇ ಗೊತ್ತಿಲ್ಲಂದ್ರ ಕಳ್ಳಗ ಹ್ಯಾಂಗ ಗೊತ್ತಾಗ್ತದ, ಹೇಳ್ರಿ?"

ಸಭೆಯಲ್ಲಿ ಚಪ್ಪಾಳೆ ಬಿತ್ತು.

ಶಮ್ಸುನ್ನಿಸಾ ಜೇವರ್ಗಿಗೆ ಬಂದು ಗುಂಡಿ ಒತ್ತಿದಳು. ಪರದೆಯ ಮೇಲೆ, ಅಧಿಕೃತ ಮೊಬೈಲಿಗೆ ಆರಂಕಿಯ ಸಂಖ್ಯೆ ಕಳಿಸಲಾಗಿದೆ, ತೊಂಬತ್ತು ಸೆಕೆಂಡಿನೊಳಗೆ ನಮೂದಿಸಿ ಎಂದು ಬಂತು. ಅಧಿಕೃತ ಮೊಬೈಲು ಮಂಡಳಿಯಲ್ಲಿ ಒಂದೇ ಇತ್ತು, ಅದು ಅಮರನಾಥರದು. ಅಮರನಾಥರು ಆ ದಿನ ಗಾಣಗಾಪುರದಲ್ಲಿ ಸಂಗಮದ ಸ್ನಾನಕ್ಕೆ ಇಳಿದಿದ್ದರು. ಫೋನು ಲಾಡ್ಜಿನ ಕೌಂಟರಿನಲ್ಲಿತ್ತು. ಅವಳು ಫೋನು ಮಾಡಿದಾಗ ಲಾಡ್ಜಿನವನು ಎತ್ತಿದ.

"ಅಣ್ಣಾರ, ಆ ಫೋನಿನಾಗ ಆರು ಅಂಕಿ ಬಂದಾವ. ಜರಾ ಓದಿ ಹೇಳ್ರಿ. ತುರ್ತು ಅದ."

"ಬ್ಯಾರೆಯವ್ರ ಫೋನಿನಾಗಿಂದು ಓದಬಾರದ್ರಿ ಅಕ್ಕಾರ."

"ನೀರಿನ ವಿಷಯ ಅದರಿ, ಮಕ್ಕಳು ಕುಡ್ಯಾಕತ್ತಾವ."

"ಆರು ಅಂಕಿ ಕೇಳಾಕ ದಿನಾ ಫೋನ್ ಬರ್ತಾವ್ರಿ. ಒಬ್ರು ಮಕ್ಕಳಂತಾರ, ಒಬ್ರು ಬ್ಯಾಂಕಂತಾರ," ಎಂದು ಅವನು ಫೋನು ಇಟ್ಟ.

ಆ ಮನುಷ್ಯನ ಪ್ರಾಮಾಣಿಕತೆಯ ಬಗ್ಗೆ ಶಮ್ಸುನ್ನಿಸಾಗೆ ಯಾವ ತಕರಾರೂ ಇರಲಿಲ್ಲ. ಆ ವಾರ ಮೂರು ಸಲ ಯತ್ನಿಸಿದಳು. ಮೂರನೆಯ ಸಲವಾದ ಮೇಲೆ ಅವಳ ಖಾತೆಗೆ ಬೀಗ ಬಿತ್ತು, ಮರುದಿನ ಪತ್ರ ಬಂತು: 'ನಿಮ್ಮ ಹೆಸರಿನಲ್ಲಿ ಓರ್ವ ಮಹಿಳೆ ಕಡತ ತೆರೆಯಲು ಪದೇ ಪದೇ ಯತ್ನಿಸಿರುವುದು ಗಮನಕ್ಕೆ ಬಂದಿದೆ. ಸದರಿ ಮಹಿಳೆ ಕಂಡುಬಂದಲ್ಲಿ ಕೂಡಲೇ ಕೇಂದ್ರ ಕಚೇರಿಗೆ ತಿಳಿಸತಕ್ಕದ್ದು.' ಅವಳು ಕನ್ನಡಿಯ ಮುಂದೆ ಸೆರಗು ಸರಿಮಾಡಿಕೊಳ್ಳುವಾಗ ಆ ಮಹಿಳೆ ಕಂಡುಬಂದಳು. ತಿಳಿಸಲಿಲ್ಲ.

ಆದರೆ ದೂರು ಬರೆದಳು. ಸಿಬ್ಬಂದಿಗೆ ಇದು ಕಷ್ಟವಾಗುತ್ತಿದೆ, ಕೊಡದಾಳದ ಬೋರಿಂಗಿನ ಫಲಿತಾಂಶ ಐದು ವಾರದಿಂದ ಕಡತದಲ್ಲಿಯೇ ಇದೆ, ಅಲ್ಲಿಯ ಮಕ್ಕಳು ಇಂದಿಗೂ ಅದೇ ನೀರು ಕುಡಿಯುತ್ತಿದ್ದಾರೆ. ಮಂಡಳಿ ಕೂಡಲೇ ಸ್ಪಂದಿಸಿತು. ಸರಳೀಕರಣ ಸಮಿತಿ ರಚನೆಯಾಗಿ, ಹನ್ನೊಂದು ಸಲ ಸಭೆ ಸೇರಿ, ಈ ಕೆಳಗಿನ ಸುತ್ತೋಲೆ ಹೊರಡಿಸಿತು:

'ತಾಂತ್ರಿಕ ಜ್ಞಾನವಿಲ್ಲದ ಸಿಬ್ಬಂದಿಯು ದೂರದಿಂದ ಕಡತ ತೆರೆಯಲು ಪಡುತ್ತಿರುವ ಕಷ್ಟವನ್ನು ಮಂಡಳಿಯು ಸಹಾನುಭೂತಿಯಿಂದ ಪರಿಶೀಲಿಸಿದೆ. ಸದರಿ ಕಷ್ಟಕ್ಕೆ ದೂರವೇ ಕಾರಣವೆಂದು ಕಂಡುಬಂದಿರುತ್ತದೆ. ಆದ್ದರಿಂದ ಇನ್ನು ಮುಂದೆ ದೂರ ಪ್ರವೇಶವನ್ನು ಹತ್ತಿರದಿಂದಲೇ ಪಡೆಯತಕ್ಕದ್ದು. ಇದಕ್ಕಾಗಿ ಆಳಂದ ಕೇಂದ್ರ ಕಚೇರಿಯಲ್ಲಿ, ಕಡತಗಳಿರುವ ಕಂಪ್ಯೂಟರಿನ ಪಕ್ಕದ ಕೋಣೆಯಲ್ಲಿ, ದೂರ ಪ್ರವೇಶ ಕೊಠಡಿಯನ್ನು ತೆರೆಯಲಾಗಿದೆ. ದೂರದಿಂದ ಬಂದವರಿಗೆ ಮಾತ್ರ ಪ್ರವೇಶ. ಪುರಾವೆಯಾಗಿ ಬಸ್ ಟಿಕೆಟ್ ಹಾಜರುಪಡಿಸತಕ್ಕದ್ದು.'

ಸುತ್ತೋಲೆಯ ಮೊದಲ ಪರಿಣಾಮ ಆಳಂದದಲ್ಲಿಯೇ ಇದ್ದ ಮಾಳಿಂಗಪ್ಪನ ಮೇಲಾಯಿತು. ಅವನು ದೂರದವನಲ್ಲ. ಹೀಗಾಗಿ ಕಡತ ನೋಡಬೇಕಾದಾಗಲೆಲ್ಲ ಭೂಸನೂರಿಗೆ ಹೋಗಿ, ಅಲ್ಲಿ ಚಹಾ ಕುಡಿದು, ವಾಪಸು ಬಸ್ಸು ಹಿಡಿದು ಬರತೊಡಗಿದ. ಇದರಿಂದ ಕೆಲಸ ನಿಧಾನವಾಯಿತೆಂದು ಯಾರೂ ಹೇಳಲಿಲ್ಲ. ಮಾಳಿಂಗಪ್ಪನಂತೂ ಹೇಳಲೇ ಇಲ್ಲ, ಭೂಸನೂರಿನ ಚಹಾ ಅವನಿಗೆ ಹಿಡಿಸಿತ್ತು.

ಶಮ್ಸುನ್ನಿಸಾ ಬೆಳಿಗ್ಗೆ ಆರಕ್ಕೆ ಜೇವರ್ಗಿ ಬಿಟ್ಟು, ಕಲಬುರಗಿಯಲ್ಲಿ ಬಸ್ಸು ಬದಲಿಸಿ, ನಿಂತೇ ಬಂದು ಹನ್ನೊಂದಕ್ಕೆ ಆಳಂದ ತಲುಪಿದಳು. ಮಾಳಿಂಗಪ್ಪ ಅವಳ ಟಿಕೆಟ್ಟನ್ನು ಬೆಳಕಿಗೆ ಹಿಡಿದು ನೋಡಿದ. ಹೆಂಗಸರಿಗೆ ಬಸ್ಸು ಬಿಟ್ಟಿ, ಟಿಕೆಟ್ಟಿನಲ್ಲಿ ದರದ ಜಾಗದಲ್ಲಿ ಸೊನ್ನೆ ಇತ್ತು.

"ಇದರಾಗ ಸೊನ್ನಿ ಅದಲ್ರಿ ಆಪಾ."

"ಹೌದ್ರಿ, ನಮಗ ಫ್ರೀ ಅದ."

"ಸೊನ್ನಿ ಅಂದ್ರ ನೀವು ಎಲ್ಲಿಂದನೂ ಬಂದಿಲ್ಲ ಅಂತ ಅರ್ಥ. ನಿಯಮ ನಾ ಮಾಡಿಲ್ರಿ."

"ಮಾಳಿಂಗಪ್ಪಾ, ಇಪ್ಪತ್ತೊಂದು ವರ್ಷದಿಂದ ನಾ ಜೇವರ್ಗಿಯಾಗ ಇದ್ದೇನಿ. ನಿಮಗ ಗೊತ್ತಿಲ್ಲೇನು?"

"ನನಗ ಗೊತ್ತದರಿ. ರಿಜಿಸ್ಟರಿಗೆ ಗೊತ್ತಿಲ್ಲ."

ಕೊನೆಗೆ ಅವಳ ಚಪ್ಪಲಿಯ ಮೇಲಿದ್ದ ಧೂಳನ್ನು ಪೂರಕ ದಾಖಲೆಯಾಗಿ ಸ್ವೀಕರಿಸಲಾಯಿತು. ಚಪ್ಪಲಿಯನ್ನು ಮೇಜಿನ ಮೇಲಿಟ್ಟು ಮಾಳಿಂಗಪ್ಪ ಫೋಟೋ ಹೊಡೆದ. ಮೂಲೆಯಲ್ಲಿ ಹೆಬ್ಬೆರಳು ಬಂತು.

ದೂರ ಪ್ರವೇಶ ಕೊಠಡಿ ತಂಪಾಗಿತ್ತು. ಗೋಡೆಯಾಚೆ ಕಡತಗಳಿರುವ ಕಂಪ್ಯೂಟರು ಗುಂಯ್ ಎನ್ನುವುದು ಕೇಳಿಸುತ್ತಿತ್ತು. ಶಮ್ಸುನ್ನಿಸಾ ಕೊಡದಾಳದ ಹೆಸರು ಹುಡುಕಿ ಒತ್ತಿದಳು. ಇಲ್ಲಿ ಖಾತೆಯ ಬೀಗ ಅಡ್ಡ ಬರಲಿಲ್ಲ. ಪರದೆಯ ಮೇಲೆ ಹಸಿರು ಅಕ್ಷರದಲ್ಲಿ ಬಂತು: 'ಅಭಿನಂದನೆ. ನಿಮಗೆ ಪ್ರವೇಶ ದೊರೆತಿದೆ.' ಬೇರೇನೂ ಬರಲಿಲ್ಲ. ಮತ್ತೆ ಒತ್ತಿದಳು, ಮತ್ತೆ ಅಭಿನಂದನೆ.

"ಫಲಿತಾಂಶ ಎಲ್ಲ್ಯದ ಮಾಳಿಂಗಪ್ಪಾ?"

"ನಿಮಗ ಬೇಕಾಗಿದ್ದು ಪ್ರವೇಶ ಅಲ್ಲೇನ್ರಿ? ಸಿಕ್ತಲ್ಲ. ಓದೋದು ಬ್ಯಾರೆ. ಅದಕ್ಕ ವಾಚನಾಧಿಕಾರ ಬೇಕು, ಅರ್ಜಿ ನಮೂನೆ ಇನ್ನೂ ಛಾಪಿಸಾಕ ಹೋಗ್ಯದ."

ಅವಳು ಹೊರಗೆ ಬಂದು ವರಾಂಡದ ಕಟ್ಟೆಯ ಮೇಲೆ ಕುಳಿತಳು. ಪಕ್ಕದಲ್ಲಿ ಪ್ರಯೋಗಾಲಯದ ಶಾಂಭವಿ ರೊಟ್ಟಿ ಬುತ್ತಿ ಬಿಚ್ಚಿದ್ದಳು. ಕೊಡದಾಳದ ನೀರನ್ನು ಪರೀಕ್ಷೆ ಮಾಡಿದವಳು ಅವಳೇ.

"ನಿನಗ ಗೊತ್ತಿರಬೇಕಲ್ಲ ಶಾಂಭವಿ. ಎಷ್ಟದ ಹೇಳವ್ವಾ."

ಶಾಂಭವಿ ಆಚೀಚೆ ನೋಡಿದಳು. "ಹೇಳಂಗಿಲ್ರಿ ಆಪಾ. ಬಾಯಿ ಅನುಮೋದಿತ ಮಾಧ್ಯಮ ಅಲ್ಲಂತ, ಸುತ್ತೋಲೆ ಬಂದದ." ಆಮೇಲೆ ಬುತ್ತಿಯಿಂದ ಹುರಿದ ಶೇಂಗಾ ಕಾಳು ತೆಗೆದು ಕಟ್ಟೆಯ ಮೇಲೆ ಒಂದೊಂದಾಗಿ ಇಟ್ಟಳು. ನಾಲ್ಕು ಕಾಳು. ಐದನೆಯದನ್ನು ಹಲ್ಲಿನಿಂದ ಒಡೆದು ಅರ್ಧ ಇಟ್ಟಳು.

ಕುಡಿಯುವ ನೀರಿನಲ್ಲಿ ಲೀಟರಿಗೆ ಒಂದೂವರೆ ಮಿಲಿಗ್ರಾಂ ಫ್ಲೋರೈಡೇ ಹೆಚ್ಚು ಎಂಬುದು ಇಬ್ಬರಿಗೂ ಗೊತ್ತಿತ್ತು. ಶಾಂಭವಿ ನಾಲ್ಕೂವರೆ ಕಾಳನ್ನು ಬಳಿದು ಬಾಯಿಗೆ ಹಾಕಿಕೊಂಡಳು. "ಮಕ್ಕಳು ಇನ್ನೂ ಅದನ್ನೇ ಕುಡ್ಯಾಕತ್ತಾವೇನ್ರಿ?" ಎಂದು ಕೇಳಿದವಳು ಉತ್ತರಕ್ಕೆ ಕಾಯದೆ ಒಳಗೆ ಹೋದಳು.

ಮರುದಿನ ಶಮ್ಸುನ್ನಿಸಾ ಜೇವರ್ಗಿ ಬಜಾರಿನಲ್ಲಿ ಕೆಂಪು ಬಣ್ಣದ ಡಬ್ಬಿ ಕೊಂಡು ಕೊಡದಾಳಕ್ಕೆ ಹೋದಳು. ಬಸವೇಶ್ವರಿ ಡಬ್ಬಿ ಹಿಡಿದಳು, ಇವಳು ಬೋರಿಂಗಿನ ತಲೆಯಿಂದ ಬುಡದ ತನಕ ಬಳಿದಳು. ಸೇರಿದ ಹೆಂಗಸರಿಗೆ ಹೇಳಿದ್ದು ಇಷ್ಟೇ: "ಇದನ್ನ ಕುಡಿಬ್ಯಾಡ್ರಿ, ಅಡಗಿಗೂ ಬ್ಯಾಡ. ಕಾಸಿದ್ರೂ ಹೋಗಂಗಿಲ್ಲ. ಬಟ್ಟಿ ಒಗೀರಿ, ಭಾಂಡಿ ತಿಕ್ರಿ. ಕುಡ್ಯಾಕ ಹಳ್ಳದ ಬಾವಿಗೆ ಹೋಗ್ರಿ."

ಹಳ್ಳದ ಬಾವಿ ದೂರ. ಹೆಂಗಸರು ಗೊಣಗಿದರು, ಆದರೆ ಹೋದರು. ಹದಿನೆಂಟು ದಿನ ಕೊಡದಾಳ ಸಿಹಿನೀರು ಕುಡಿಯಿತು. ಇಪ್ಪತ್ತೊಂದು ವರ್ಷದ ನೌಕರಿಯಲ್ಲಿ ತಾನು ಏನಾದರೂ ಮಾಡಿದ್ದರೆ ಇದೊಂದೇ ಎಂದು ಶಮ್ಸುನ್ನಿಸಾಗೆ ಅನ್ನಿಸಿತು. ಮನೆಯಲ್ಲಿ ಯಾರಿಗೂ ಹೇಳದೆ ಹಬ್ಬವಿಲ್ಲದ ಒಂದು ದಿನ ಹಬ್ಬದ ಶಾವಿಗೆ ಪಾಯಸ ಶೀರಖುರ್ಮಾ ಮಾಡಿದಳು.

ಹತ್ತೊಂಬತ್ತನೆಯ ದಿನ ನೋಟೀಸು ಬಂತು. ವಿಷಯ: ಸಂರಕ್ಷಿತ ಕಡತದ ಸಾರಾಂಶವನ್ನು ಬಣ್ಣದ ಮೂಲಕ ಸಾರ್ವಜನಿಕವಾಗಿ ಬಹಿರಂಗಪಡಿಸಿರುವ ಬಗ್ಗೆ.

ವಿಚಾರಣೆಗೆ ಅಮರನಾಥರು ಮೇಜಿನ ಆಚೆ, ಸುನೀಲಕುಮಾರ ಪಕ್ಕದಲ್ಲಿ ಕುಳಿತಿದ್ದರು.

"ಬಣ್ಣ ಹಚ್ಚಿದ್ದು ನೀವೇನ್ರಿ?"

"ಹೌದ್ರಿ ಸರ್."

"ಎಷ್ಟ ಮಂದಿ ನೋಡ್ಯಾರ?"

"ಊರೆಲ್ಲಾ ನೋಡ್ಯಾರ್ರಿ."

"ಪಾಸ್‌ವರ್ಡ್ ಹಾಕಿ ನೋಡ್ಯಾರೇನು?"

"ಕಣ್ಣಿಲೆ ನೋಡ್ಯಾರ್ರಿ ಸರ್."

ಸುನೀಲಕುಮಾರ ನಿಟ್ಟುಸಿರು ಬಿಟ್ಟು ಬರೆದುಕೊಂಡ. ಬರಿಗಣ್ಣಿಗೆ ಯಾವ ಭದ್ರತೆಯೂ ಇಲ್ಲ, ಅಕ್ಷರ ಬಾರದವರೂ ಬಣ್ಣ ನೋಡಿ ಅರ್ಥ ಮಾಡಿಕೊಳ್ಳುತ್ತಾರೆ, ಇಂಥ ಸೋರಿಕೆ ತಡೆಯುವುದು ಜಗತ್ತಿನ ಯಾವ ತಂತ್ರಜ್ಞಾನಕ್ಕೂ ಸಾಧ್ಯವಿಲ್ಲ ಎಂದು ನಿರ್ದೇಶಕರಿಗೆ ವಿವರಿಸಿದ.

"ನೀರಿನಾಗ ಫ್ಲೋರೈಡ್ ನಾಲ್ಕೂವರೆ ಅದರಿ ಸರ್," ಎಂದಳು ಶಮ್ಸುನ್ನಿಸಾ. "ಮಕ್ಕಳ ಎಲುಬು ಸೊಟ್ಟ ಆಗಾಕತ್ತಾವ."

"ನೀರಿನ ಮಾತು ಬ್ಯಾಡ್ರಿ ಈಗ. ಮಾಹಿತಿ ವಿಷಯ ಮಾತಾಡಾಕತ್ತೇವಿ," ಎಂದರು ಅಮರನಾಥರು, ಅತ್ಯಂತ ಮೃದುವಾಗಿ. "ಕಾಯಂ ಆಗಿ ಎರಡ ವರ್ಷ ಆತಲ್ಲ ನಿಮಗ? ವಿಚಾರ ಮಾಡ್ರಿ. ನಾಲ್ಕೂವರೆ ಅಂತ ಯಾರು ಹೇಳಿದ್ರು ನಿಮಗ?"

ಅವಳು ಶಾಂಭವಿಯ ಹೆಸರು ಹೇಳಲಿಲ್ಲ. ಅಂದಾಜು ಮಾಡಿದೆ ಎಂದಳು. ಅಂದಾಜು ಮಾಡಿದ್ದಕ್ಕಾಗಿ ಕ್ಷಮೆ ಕೋರುವ ಪತ್ರವನ್ನು ಅಲ್ಲಿಯೇ ಬರೆಸಿಕೊಂಡರು. ಬರೆಯುವಾಗ ಅವಳಿಗೆ ಆ ಹುಡುಗಿಯ ಬಾಗಿದ ಕಾಲು ಕಣ್ಮುಂದೆ ಬಂತು. ತನ್ನ ಹತ್ತೊಂಬತ್ತು ವರ್ಷದ ದಿನಗೂಲಿಯೂ ಬಂತು. ಎರಡನೆಯದು ಹೆಚ್ಚು ಹೊತ್ತು ನಿಂತಿತು. ಸಹಿ ಹಾಕಿದಳು.

ಸೋರಿಕೆಯನ್ನು ಮುಚ್ಚುವ ಕಾಮಗಾರಿಯನ್ನು ಸಮರೋಪಾದಿಯಲ್ಲಿ ಕೈಗೊಳ್ಳಲಾಯಿತು. ಬೋರಿಂಗಿಗೆ ಬೂದು ಬಣ್ಣ ಬಳಿಯಲಾಯಿತು. ಬೂದು ಬಣ್ಣಕ್ಕೆ ಯಾವ ಅರ್ಥವೂ ಇಲ್ಲವೆಂದು ಸಮಿತಿ ಪ್ರಮಾಣೀಕರಿಸಿತ್ತು. ನೀರಿನ ಬಗ್ಗೆ ತಿಳಿಯಬಯಸುವ ಗ್ರಾಮಸ್ಥರಿಗೆ ಒಂದೊಂದು ಪಾಸ್‌ವರ್ಡು ಕೊಡುವುದೆಂದು ತೀರ್ಮಾನವಾಗಿ, ಇನ್ನೂರ ಹದಿನಾಲ್ಕು ಜನ ಹೆಬ್ಬೆಟ್ಟು ಒತ್ತಿ ಪಡೆದರು. ಅದರಿಂದ ಅವರಿಗೆ ಪ್ರವೇಶ ದೊರೆಯಿತು. ಅಭಿನಂದನೆಯೂ ಬಂತು. ಬೋರಿಂಗಿನ ಪಕ್ಕದಲ್ಲಿ ಒಂದು ಫಲಕ ನೆಟ್ಟರು. ಅದರ ಒಕ್ಕಣೆಯನ್ನು ಅಮರನಾಥರೇ ಅಂತಿಮಗೊಳಿಸಿದ್ದರು: 'ಈ ಕೊಳವೆಬಾವಿಯ ಮಾಹಿತಿ ಸಂಪೂರ್ಣ ಸುರಕ್ಷಿತವಾಗಿದೆ.' ಫಲಕ ಬರೆಯುವವನು ಮೊದಲ ಸಾಲನ್ನು ಇರುವೆ ಗಾತ್ರದಲ್ಲಿ ಮುಗಿಸಿ, ಉಳಿದ ಜಾಗವನ್ನೆಲ್ಲ ಕೊನೆಯ ಎರಡು ಪದಕ್ಕೆ ಬಿಟ್ಟಿದ್ದ. 'ಸಂಪೂರ್ಣ ಸುರಕ್ಷಿತವಾಗಿದೆ' ಎಂಬುದು ಹಳ್ಳದ ಬಾವಿಯ ದಾರಿಯಿಂದಲೇ ಕಾಣುತ್ತಿತ್ತು.

ಹೆಂಗಸರು ಅರ್ಧ ದಾರಿಯಿಂದ ಕೊಡ ಹೊತ್ತು ವಾಪಸು ಬಂದರು. ಮರುದಿನ ಪಕ್ಕದ ಎರಡು ಊರಿನವರೂ ಬಂದರು, ಮೂರು ತಾಲೂಕಿನಲ್ಲಿ ಸುರಕ್ಷಿತವೆಂದು ಬರೆದಿರುವ ಬೋರಿಂಗು ಇದೊಂದೇ ಆಗಿತ್ತು.

ಸುದ್ದಿ ತಿಳಿದು ಶಮ್ಸುನ್ನಿಸಾ ರಜೆ ಹಾಕಿ ಕೊಡದಾಳಕ್ಕೆ ಓಡಿದಳು. ಪಂಚಾಯಿತಿ ಸದಸ್ಯ ದೊಡ್ಡಪ್ಪ ಸರತಿ ಸಾಲು ನಿಭಾಯಿಸುತ್ತಿದ್ದ.

"ಮುತ್ಯಾ, ಅದು ನೀರು ಸುರಕ್ಷಿತ ಅಂತ ಬರದಿಲ್ರಿ. ಮಾಹಿತಿ ಸುರಕ್ಷಿತ ಅಂತ ಬರದದ. ಮ್ಯಾಲಿನ ಸಾಲು ಓದ್ರಿ."

ದೊಡ್ಡಪ್ಪ ಕಣ್ಣು ಕಿರಿದು ಮಾಡಿ ಫಲಕದ ಹತ್ತಿರ ಹೋಗಿ ಓದಿ ಬಂದ. "ಎರಡೂ ಒಂದೇ ಅಲ್ಲೇನ ತಂಗಿ? ನೀರು ಕೆಟ್ಟಿದ್ರ ಮಾಹಿತಿ ಸುರಕ್ಷಿತ ಹ್ಯಾಂಗ ಇರ್ತದ?"

"ಮೊದ್ಲ ನಾನೇ ಕೆಂಪು ಬಣ್ಣ ಹಚ್ಚಿದ್ದೆ, ಕುಡಿಬ್ಯಾಡ್ರಿ ಅಂದಿದ್ದೆ."

"ಅಂದಿದ್ದಿ. ಆಮ್ಯಾಲ ತಪ್ಪಾತು ಅಂತ ನೀನೇ ಬರದು ಕೊಟ್ಟೀಯಂತಲ್ಲ? ಪತ್ರದ ನಕಲು ಪಂಚಾಯ್ತಿಗೆ ಬಂದದ." ದೊಡ್ಡಪ್ಪನ ದನಿಯಲ್ಲಿ ಸಿಟ್ಟಿರಲಿಲ್ಲ, ಮರುಕವಿತ್ತು. "ಇರಲಿ ಬಿಡವ್ವಾ, ಮನುಷ್ಯರಂದ ಮ್ಯಾಲ ತಪ್ಪಾಗ್ತಾವ. ಹದಿನೆಂಟ ದಿನ ನಮ್ಮ ಹೆಣ್ಣಮಕ್ಕಳು ಸುಮ್ಮನ ನಡದ್ರು, ಅಷ್ಟೇ."

ಬಸವೇಶ್ವರಿ ಅಂಗನವಾಡಿಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ಒಳಗೆ ಹೋಗಿ ಬಾಗಿಲು ಮುಂದಕ್ಕೆ ಎಳೆದುಕೊಂಡಳು.

ಮುಂದಿನ ಬುಧವಾರ ಕೊಡದಾಳದಲ್ಲಿ ಸಮಾರಂಭ ನಡೆಯಿತು. ಅಕ್ಷರ ಬಾರದವರೂ ಬಳಸಬಲ್ಲ ಸುರಕ್ಷಿತ ಮಾಹಿತಿ ವ್ಯವಸ್ಥೆಗಾಗಿ ಮಂಡಳಿಗೆ ಯಾವುದೋ ಸಂಸ್ಥೆಯ ಪ್ರಶಸ್ತಿ ಬಂದಿತ್ತು. ಅಮರನಾಥರು 'ಕೊಡದಾಳ ಮಾದರಿ'ಯನ್ನು ಮೂರು ತಾಲೂಕಿನ ಎಲ್ಲ ಬಾವಿಗಳಿಗೆ ವಿಸ್ತರಿಸುವುದಾಗಿ ಘೋಷಿಸಿದರು. ಸಿಬ್ಬಂದಿಯ ಸಹಕಾರವಿಲ್ಲದೆ ಇದು ಆಗುತ್ತಿರಲಿಲ್ಲ ಎಂದು ಹೇಳಿ ಶಮ್ಸುನ್ನಿಸಾಳನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ಏಪ್ರಿಲ್ ತಿಂಗಳ ಜೇವರ್ಗಿ ಬಿಸಿಲಿನಲ್ಲಿ ಅವಳು ಉಣ್ಣೆಯ ಶಾಲು ಹೊದ್ದು ನಿಂತಳು.

ಭಾಷಣ ಮುಗಿಯುವಷ್ಟರಲ್ಲಿ ದೊಡ್ಡಪ್ಪ ಫಳಫಳ ತಿಕ್ಕಿದ ಹಿತ್ತಾಳೆ ತಟ್ಟೆಯಲ್ಲಿ ನಾಲ್ಕು ಲೋಟ ನೀರು ಹಿಡಿದು ವೇದಿಕೆ ಹತ್ತಿದ. "ನಮ್ಮ ಬೋರಿಂಗಿನ ನೀರ್ರಿ ಸಾಹೇಬ್ರ. ಬಿಸಲಾಗ ಬಂದೀರಿ, ಕುಡೀರಿ."

ಇಡೀ ಊರು ನೋಡುತ್ತಿತ್ತು. ಅಮರನಾಥರು ಲೋಟಕ್ಕೆ ಕೈಮುಗಿದರು. "ಇವತ್ತ ನನ್ನದು ಸೋಮವಾರದ ಉಪವಾಸರಿ ಹಿರಿಯರ. ನೀರೂ ಮುಟ್ಟಂಗಿಲ್ಲ."

ದೊಡ್ಡಪ್ಪ ತಟ್ಟೆಯನ್ನು ಸುನೀಲಕುಮಾರನ ಕಡೆಗೆ ತಿರುಗಿಸಿದ. ಅವನು ಏಕಾದಶಿ ಎಂದ. ಮಾಳಿಂಗಪ್ಪ ಸ್ವಲ್ಪ ಯೋಚಿಸಿ, ತಾನು ಶ್ರಾವಣ ಹಿಡಿದಿರುವುದಾಗಿ ಹೇಳಿದ.

ತಟ್ಟೆ ಶಮ್ಸುನ್ನಿಸಾಳ ಮುಂದೆ ಬಂತು. ಬಾಯಿ ಒಣಗಿತ್ತು. ಮುಂದಿನ ಸಾಲಿನಲ್ಲಿ ಮಕ್ಕಳು ಕುಳಿತು ಅವಳನ್ನೇ ನೋಡುತ್ತಿದ್ದವು, ಚಪ್ಪಾಳೆ ಹೊಡೆಯಲು ಕೈ ಎತ್ತಿದ್ದವು. ಈಗ ಒಂದು ಮಾತು ಹೇಳಬಹುದಿತ್ತು. ಅವಳು ಅಮರನಾಥರ ಕಡೆಗೆ ನೋಡಿದಳು, ಅಮರನಾಥರು ಅವಳ ಶಾಲಿನ ಕಡೆಗೆ ನೋಡುತ್ತಿದ್ದರು.

"ರೋಜಾ ಅದರಿ ಮುತ್ಯಾ," ಎಂದಳು. ರಂಜಾನ್ ಮುಗಿದು ಎಷ್ಟೋ ದಿನಗಳಾಗಿದ್ದವು.

ಜಾತಿ ಮತ ನೋಡದೆ ಒಂದೇ ದಿನ ಉಪವಾಸ ಹಿಡಿಯುವ ಇಂಥ ಭಕ್ತಿವಂತ ಅಧಿಕಾರಿಗಳನ್ನು ತಾನು ಈ ವಯಸ್ಸಿನ ತನಕ ಕಂಡಿರಲಿಲ್ಲ ಎಂದು ದೊಡ್ಡಪ್ಪ ಮೈಕಿನಲ್ಲಿ ಹೇಳಿದ. ಹೇಳುವಾಗ ಅವನ ಕಣ್ಣು ತುಂಬಿದವು. ನೀರು ಚೆಲ್ಲಬಾರದೆಂದು ಒಂದು ಲೋಟವನ್ನು ತಾನೇ ಎತ್ತಿ ಕುಡಿದು, ಉಳಿದ ಮೂರನ್ನು ಮುಂದಿನ ಸಾಲಿನ ಮಕ್ಕಳಿಗೆ ಕೊಟ್ಟ.